ಬೇಸಿಗೆಯಲ್ಲಿ ಹರಿದ ಹಳ್ಳ: ಸುಣ್ಣದಕಲ್ಲಿನ ಗಣಿಯೊಂದರ ಸುತ್ತ ಅಂತರ್ಜಲ ಪರೀಕ್ಷೆಯ ಪ್ರಕರಣ

ಈ ಬರಹದಲ್ಲಿ ಬರುವ ಊರು ಬಾಗಲಕೋಟೆ ಜಿಲ್ಲೆಯದು. ಊರಿನ, ಗಣಿಯ ಮತ್ತು ಜನರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಅಂಕಿಗಳಿಂದ ಬಾವಿಯ ಗುರುತು ಹಿಡಿಯಬಲ್ಲವರು ಊರಿನಲ್ಲಿ ಇದ್ದಾರೆ; ಆದಕಾರಣ ಪ್ರಯೋಗಾಲಯದ ಫಲಿತಾಂಶಗಳನ್ನು ಇದ್ದಹಾಗೇ ಕೊಡದೆ, ಕುಡಿಯುವ ನೀರಿನ ಮಾನಕವಾದ ಐ.ಎಸ್. 10500ರ ಮಿತಿಗಿಂತ ಮೇಲಿದ್ದವೋ ಕೆಳಗಿದ್ದವೋ ಎಂದಷ್ಟೇ ಹೇಳಿದ್ದೇನೆ. ನಾವು ಕೈಗೊಂಡ ನಿರ್ಧಾರಗಳನ್ನೂ ಅವುಗಳಲ್ಲಿ ತಪ್ಪಿದವನ್ನೂ ಮಾತ್ರ ಮರೆಮಾಚಿಲ್ಲ.

ಹಿನ್ನೆಲೆ

ಬಾಗಲಕೋಟೆ, ಕಲಾದಗಿ, ಲೋಕಾಪುರ, ಮುಧೋಳಗಳ ಸೀಮೆಯಲ್ಲಿ ನೆಲದಡಿ ಹಾಸಿಕೊಂಡಿರುವ ಮರಳುಗಲ್ಲು, ಜೇಡಿಗಲ್ಲು, ಸುಣ್ಣದಕಲ್ಲು ಮತ್ತು ಡೋಲೊಮೈಟ್ ಪದರಗಳಿಗೆ ಭೂವಿಜ್ಞಾನದಲ್ಲಿ ಕಲಾದಗಿ ಎಂಬ ಹೆಸರೇ ಇದೆ. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ಕಲ್ಲುಗಳನ್ನು ವಿವರಿಸಿ ಪ್ರಕಟಿಸಿದಂದಿನಿಂದ ಆ ಹೆಸರು ನಿಂತಿದೆ. ಇವುಗಳಲ್ಲಿ ಸುಣ್ಣದಕಲ್ಲಿನ ಗುಣ ಬೇರೆ. ಮಳೆನೀರು ಮಣ್ಣಿನೊಳಗಿನ ಇಂಗಾಲಾಮ್ಲವನ್ನು ಕೂಡಿಸಿಕೊಂಡು ಇಳಿಯುವಾಗ ಈ ಕಲ್ಲು ಸಾವಕಾಶವಾಗಿ ಕರಗುತ್ತದೆ, ಬಿರುಕುಗಳು ಅಗಲವಾಗುತ್ತವೆ, ಕೆಲವೆಡೆ ಒಳಗೇ ಪೊಳ್ಳು ಬೀಳುತ್ತದೆ. ಬೋರು ಕೊರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಗಟ್ಟಿ ಕಲ್ಲಿನಲ್ಲಿ ಇಳಿಯುತ್ತಿದ್ದ ಕೊಳವೆ ಒಮ್ಮೆಲೇ ಎರಡು ಮೂರು ಫೂಟು ಕೆಳಗೆ ಬಿದ್ದರೆ ‘ಪೊಳ್ಳು ಹತ್ತಿತು’ ಎನ್ನುತ್ತಾರೆ. ಪೊಳ್ಳು ಹತ್ತಿದ ಬೋರಿನಲ್ಲಿ ನೀರು ಚೆನ್ನಾಗಿರುತ್ತದೆ. ಆದರೆ ಆ ನೀರು ಎಲ್ಲಿಂದ ಬಂತೆಂದು ಹೇಳುವುದು ಕಷ್ಟ, ಏಕೆಂದರೆ ಬೇರೆ ಕಲ್ಲಿನಲ್ಲಿ ತಿಂಗಳುಗಟ್ಟಲೆ ಸೋಸಿಕೊಂಡು ಬರುವ ನೀರು ಇಲ್ಲಿ ಒಂದೆರಡು ದಿನದಲ್ಲಿ, ಸೋಸದೆಯೇ, ಬಂದುಬಿಡಬಹುದು.

ಊರಿನ ಪಡುವಣಕ್ಕೆ ಸಿಮೆಂಟಿಗಾಗಿ ಸುಣ್ಣದಕಲ್ಲು ತೆಗೆಯುವ ಬಯಲು ಗಣಿ ಇದೆ. ನಮ್ಮಲ್ಲಿ ಇದನ್ನು ಖಣಿ ಎನ್ನುತ್ತಾರೆ. ಖಣಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದು ಕೆಲವು ವರ್ಷಗಳಾಗಿದ್ದವು. ತಳದಲ್ಲಿ ಕೂಡಿಕೊಳ್ಳುವ ನೀರನ್ನು ದಿನವೂ ಪಂಪಿನಿಂದ ಎತ್ತಿ ಹೊರಗೆ ಬಿಡುತ್ತಿದ್ದರು. ಊರಿಗೂ ಖಣಿಗೂ ನಡುವೆ ಒಂದು ಹಳ್ಳ ಹಾಯುತ್ತದೆ. ಇಲ್ಲಿ ವರ್ಷಕ್ಕೆ 600 ಮಿಲಿಮೀಟರಿನೊಳಗೇ ಮಳೆ, ಅದರಲ್ಲಿಯೂ ಹೆಚ್ಚಿನ ಪಾಲು ಸೆಪ್ಟೆಂಬರ್ ಸುಮಾರಿಗೆ ಉತ್ತರಿ, ಹಸ್ತಿ ಮಳೆಗಳಲ್ಲಿ ಬೀಳುವಂಥದ್ದು. ಹೀಗಾಗಿ ಹಳ್ಳ ಕಾರ್ತಿಕದ ಹೊತ್ತಿಗೆ ಬತ್ತುವುದೇ ರೂಢಿ. ಹೊಲಗಳು ಎರಿ ಭೂಮಿ. ನೀರಿದ್ದವರು ಕಬ್ಬು, ಗೋವಿನಜೋಳ ಬೆಳೆಯುತ್ತಾರೆ. ಊರಿನ ನಳಕ್ಕೆ ನೀರು ಕೊಡುವ ಬೋರು ಹಳ್ಳದ ದಂಡೆಯಲ್ಲಿದೆ.

ದೂರು

ಕಾಲೇಜೊಂದರ ಭೂವಿಜ್ಞಾನ ವಿಭಾಗದ ನಮ್ಮಲ್ಲಿಗೆ ಪಂಚಾಯಿತಿಯವರು ಬಂದದ್ದು ಒಂದೇ ಮಾತು ಹಿಡಿದುಕೊಂಡು: ಖಣಿ ಬಂದ ಮೇಲೆ ನೀರು ಸವಳಾಗಿದೆ. ಊರಿಗೆ ಹೋದ ಮೊದಲ ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತ ಒಬ್ಬ ಅಜ್ಜಿ ಇದನ್ನೇ ತಮ್ಮ ರೀತಿಯಲ್ಲಿ ಹೇಳಿದರು: “ಬ್ಯಾಳಿ ಬೇಯಂಗಿಲ್ರೀ ಸರ, ಸಬಕಾರ ನೊರಿ ಬರಂಗಿಲ್ಲ.” ಒಳಗಿಂದ ಹಂಡೆ ತರಿಸಿ, ಒಳಮೈಗೆ ಕಟ್ಟಿದ್ದ ಬಿಳಿ ಸುಣ್ಣದ ಪದರವನ್ನು ಉಗುರಿನಿಂದ ಕೆರೆದು ತೋರಿಸಿದರು. ಇವು ಗಡಸು ನೀರಿನ ಗುರುತುಗಳು. ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಿದ್ದರೆ ಬೇಳೆ ಮೆತ್ತಗಾಗುವುದಿಲ್ಲ, ಸಾಬೂನು ನೊರೆ ಕಟ್ಟುವುದಿಲ್ಲ, ಕಾಯಿಸಿದಾಗ ಸುಣ್ಣ ತಳಕ್ಕೆ ಕೂಡುತ್ತದೆ.

ಆದರೆ ಇದು ಸುಣ್ಣದಕಲ್ಲಿನ ನಾಡು, ಗಣಿ ಇಲ್ಲದ ಊರುಗಳಲ್ಲಿಯೂ ನೀರು ಗಡಸೇ ಇರುತ್ತದೆ ಎಂಬ ಅನುಮಾನ ನನಗೆ ಅಲ್ಲಿಯೇ ಹುಟ್ಟಿತು. ಅದನ್ನು ಅಜ್ಜಿಯೆದುರು ಆಡಲಿಲ್ಲ. ಆಡದಿದ್ದದ್ದು ಸರಿಯಾಯಿತೋ ಇಲ್ಲವೋ ಎಂಬುದು ಮುಂದೆ ಊರ ಸಭೆಯಲ್ಲಿ ಗೊತ್ತಾಯಿತು.

ಕಲ್ಲಿದ್ದಲಿನ ಪಟ್ಟಿ

ಖಣಿಯವರು ಆರು ತಿಂಗಳಿಗೊಮ್ಮೆ ನೀರಿನ ಪರೀಕ್ಷೆ ಮಾಡಿಸುತ್ತಿದ್ದರು. ವರದಿಗಳನ್ನು ಕೇಳಿದ ಕೂಡಲೇ ಕೊಟ್ಟರು. ಐದು ಬಾವಿಗಳು, ಎಲ್ಲವೂ ಖಣಿಯ ಅಂಚಿನಿಂದ ಅರ್ಧ ಕಿಲೋಮೀಟರಿನೊಳಗೆ. ಅಳೆದದ್ದು ಆಮ್ಲೀಯತೆ, ಕಬ್ಬಿಣ, ಮ್ಯಾಂಗನೀಸ್, ಸಲ್ಫೇಟ್, ಜೊತೆಗೆ ಗಡಸುತನ ಮತ್ತು ಒಟ್ಟು ಕರಗಿದ ಲವಣ. ಪ್ರತಿ ವರದಿಯ ಕೊನೆಯ ಸಾಲು ಒಂದೇ, ಎಲ್ಲವೂ ಮಿತಿಯೊಳಗಿದೆ ಎಂದು. ಒಂದು ವರದಿಯ ನಾಲ್ಕನೆಯ ಪುಟದಲ್ಲಿ ‘ಕಲ್ಲಿದ್ದಲಿನ ಪದರದ ಮೇಲಿನ ಮಣ್ಣು’ ಎಂಬ ಮಾತು ಹಾಗೆಯೇ ಉಳಿದಿತ್ತು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ಸಲಹೆಗಾರರು ಬೇರೆ ರಾಜ್ಯದ ಯಾವುದೋ ಕಲ್ಲಿದ್ದಲು ಗಣಿಗೆ ಮಾಡಿದ್ದ ಯೋಜನೆಯಲ್ಲಿ ಊರಿನ ಹೆಸರು ತಿದ್ದಿ ಇಲ್ಲಿಗೆ ತಂದಿದ್ದರು.

ಓದಿ ನಕ್ಕೆವು, ಆಮೇಲೆ ಕೂತು ಯೋಚಿಸಿದೆವು. ಆ ಪಟ್ಟಿ ಕಲ್ಲಿದ್ದಲಿಗೆ ಬಹಳ ಸರಿಯಾದದ್ದು. ಕಲ್ಲಿದ್ದಲಿನಲ್ಲಿಯೂ ಅದರ ಸುತ್ತಲಿನ ಜೇಡಿಗಲ್ಲಿನಲ್ಲಿಯೂ ಪೈರೈಟ್ ಎಂಬ ಕಬ್ಬಿಣ ಮತ್ತು ಗಂಧಕದ ಖನಿಜವಿರುತ್ತದೆ. ಗಣಿ ತೆರೆದಾಗ ಅದಕ್ಕೆ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ, ಆಮ್ಲ ಕಬ್ಬಿಣವನ್ನೂ ಮ್ಯಾಂಗನೀಸನ್ನೂ ಕಲ್ಲಿನಿಂದ ಬಿಡಿಸಿಕೊಂಡು ನೀರಿಗಿಳಿಯುತ್ತದೆ. ಅಂಥಲ್ಲಿ ಆಮ್ಲೀಯತೆ, ಸಲ್ಫೇಟ್, ಕಬ್ಬಿಣ ನೋಡದೆ ಬೇರೇನು ನೋಡಬೇಕು? ಸುಣ್ಣದಕಲ್ಲಿನಲ್ಲಿ ಮಾತ್ರ ಆಮ್ಲ ಹುಟ್ಟಿದರೂ ಕಲ್ಲೇ ಅದನ್ನು ಕುಡಿದು ಬಿಡುತ್ತದೆ. ಅಂದಮೇಲೆ ಆಮ್ಲೀಯತೆ, ಕಬ್ಬಿಣ, ಮ್ಯಾಂಗನೀಸಿನ ಅಂಕಣಗಳು ಎಷ್ಟು ವರ್ಷ ಅಳೆದರೂ ಸಾಮಾನ್ಯವಾಗಿ ಮಿತಿಯೊಳಗೇ ಇರುತ್ತವೆ. ವರದಿ ಸುಳ್ಳಾಗಿರಲಿಲ್ಲ, ಇಲ್ಲಿ ಇರಲಾರದ ರೋಗವನ್ನು ಹುಡುಕಿ ಇಲ್ಲವೆಂದು ಬರೆದಿತ್ತು. ಯಾವ ಗಣಿಯಲ್ಲಾದರೂ ಬಳಕೆಯಾಗುವ ಸ್ಫೋಟಕದಿಂದ ಬರಬಹುದಾದ, ಸಾರಜನಕದ ಲವಣವಾದ ನೈಟ್ರೇಟಿಗೆ ಆ ಪಟ್ಟಿಯಲ್ಲಿ ಅಂಕಣವೇ ಇರಲಿಲ್ಲ.

ಮೊದಲ ಸುತ್ತು ಮತ್ತು ನಮ್ಮ ತಪ್ಪು

ಹಣದ ಪ್ರಶ್ನೆ ಮೊದಲು ಬಂತು. ಖಣಿಯವರು ವೆಚ್ಚ ಭರಿಸಲು ಒಪ್ಪಿದರು, ಆದರೆ ಅವರ ದುಡ್ಡಿನಿಂದ ಮಾಡಿದ ಪರೀಕ್ಷೆಯನ್ನು ಊರು ನಂಬುತ್ತಿರಲಿಲ್ಲ. ಊರೇ ಮಾಡಿಸಿದರೆ ಖಣಿಯ ಗೇಟು ತೆರೆಯುತ್ತಿರಲಿಲ್ಲ. ಕೊನೆಗೆ ಪಂಚಾಯಿತಿ ಪತ್ರ ಬರೆಯುವುದು, ಕಾಲೇಜು ತನ್ನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡುವುದು, ನೀರು ಹಿಡಿಯುವಾಗ ಎರಡೂ ಕಡೆಯ ಒಬ್ಬೊಬ್ಬರು ನಿಂತು ಸಹಿ ಹಾಕುವುದು ಎಂದಾಯಿತು. ಒಂದೊಂದು ಬಾಟಲಿ ಮುದ್ರೆಯೊತ್ತಿ ಪಂಚಾಯಿತಿಯಲ್ಲಿ ಇಡಬೇಕು, ಜಗಳ ಬಂದರೆ ಒಡೆದು ನೋಡಬೇಕು ಎಂದು ಕೆಲವರು ಪಟ್ಟು ಹಿಡಿದರು. ಭೂಮಿಯ ವ್ಯಾಜ್ಯಗಳಲ್ಲಿ ನುರಿತವರ ಬುದ್ಧಿ ಅದು, ಕೆಟ್ಟದ್ದೇನಲ್ಲ. ಆದರೆ ನೈಟ್ರೇಟಿಗಾಗಿ ಹಿಡಿದ ನೀರನ್ನು ಮಂಜಿನಲ್ಲಿಟ್ಟು 48 ತಾಸಿನೊಳಗೆ ಪರೀಕ್ಷಿಸಬೇಕು. ಕಪಾಟಿನಲ್ಲಿ ಕೂತ ಬಾಟಲಿ ತಿಂಗಳ ನಂತರ ಸಾಕ್ಷಿ ಹೇಳುವುದಿಲ್ಲ.

ಹಳೆಯ ಐದು ಬಾವಿಗಳಿಗೆ ಊರೊಳಗಿನವು, ಹೊಲದವು, ಹಳ್ಳದ ದಂಡೆಯವು ಸೇರಿ ಒಟ್ಟು 14 ಆದವು. ಬೋರಿನ ನೀರು ಹಿಡಿಯುವುದು ಸುಲಭದ ಕೆಲಸವೆಂದು ವಿದ್ಯಾರ್ಥಿಗಳು ತಿಳಿದಿದ್ದರು. ಆರೂವರೆ ಇಂಚಿನ ಬೋರಿನಲ್ಲಿ ಒಂದು ಮೀಟರಿಗೆ ಸುಮಾರು 21 ಲೀಟರ್ ನೀರು ನಿಂತಿರುತ್ತದೆ. 60 ಮೀಟರ್ ನೀರಿದ್ದರೆ ಸಾವಿರದ ಇನ್ನೂರರ ಮೇಲೆ ಲೀಟರು. ಕೊಳವೆಯಲ್ಲಿ ನಿಂತ ಹಳೆಯ ನೀರನ್ನು ಮೂರು ಪಟ್ಟಾದರೂ ಹೊರಗೆ ಹಾಕಿ, ಕರಗಿದ ಲವಣ ಹೆಚ್ಚಿದಂತೆ ಏರುವ ವಿದ್ಯುತ್ ವಾಹಕತೆ ಒಂದೇ ಅಂಕಿಯಲ್ಲಿ ನಿಂತ ಮೇಲೆ ಬಾಟಲಿ ತುಂಬಬೇಕು. ಅಷ್ಟು ಹೊತ್ತು ಪಂಪು ಓಡಲು ತ್ರೀ ಫೇಸ್ ಕರೆಂಟು ಬೇಕು, ಆ ವಾರ ಅದರ ಪಾಳಿ ರಾತ್ರಿ ಬಿದ್ದಿತ್ತು. ಮೊದಲ ಸುತ್ತು ಪೂರ್ತಿ ಟಾರ್ಚಿನ ಬೆಳಕಿನಲ್ಲಿ ಆಯಿತು.

ಆ ಕತ್ತಲಲ್ಲಿಯೇ ತಪ್ಪೂ ನಡೆಯಿತು. ಲೋಹಗಳ ಪರೀಕ್ಷೆಗೆ ಹಿಡಿಯುವ ನೀರಿಗೆ ಗಾಢ ನೈಟ್ರಿಕ್ ಆಮ್ಲ ಹನಿಸಬೇಕು, ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ. ನೈಟ್ರೇಟಿಗೆ ಬೇರೆ ಬಾಟಲಿ, ಅದಕ್ಕೆ ಆ ಆಮ್ಲ ತಾಗಕೂಡದು. ಮೂರು ಬಾವಿಗಳ ಬಾಟಲಿಗಳು ಅದಲುಬದಲಾದವು. ಪ್ರಯೋಗಾಲಯದಿಂದ ಬಂದ ಪಟ್ಟಿಯಲ್ಲಿ ಆ ಮೂರಕ್ಕೆ ನೈಟ್ರೇಟು ಸಾವಿರದ ಆಸುಪಾಸು; ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಾವು ಪರಿಶೀಲಿಸುವ ಮೊದಲೇ ಒಬ್ಬ ವಿದ್ಯಾರ್ಥಿ ಆ ಪಟ್ಟಿಯ ಫೋಟೊವನ್ನು ಊರಿನ ಗೆಳೆಯನಿಗೆ ಕಳಿಸಿಬಿಟ್ಟಿದ್ದ. ಮರುದಿನ ಬೆಳಗಾಗುವಷ್ಟರಲ್ಲಿ ಒಂದು ಬಾವಿಗೆ ಮುಳ್ಳು ಹಚ್ಚಿದ್ದರು.

ಲೀಟರು ನೀರಿಗೆ ಒಂದು ಮಿಲಿಲೀಟರ್ ಗಾಢ ನೈಟ್ರಿಕ್ ಆಮ್ಲ ಬಿದ್ದರೆ ಸುಮಾರು ಸಾವಿರ ಮಿಲಿಗ್ರಾಂ ನೈಟ್ರೇಟು ಆಗುತ್ತದೆ ಎಂಬ ಲೆಕ್ಕ ಬರೆದು ನೋಡಿದ ಕೂಡಲೇ ವಿಷಯ ಬಯಲಾಯಿತು. ಇದಕ್ಕಿಂತ ಸರಳವಾದ ಒರೆಗಲ್ಲು ಇದ್ದೇ ಇತ್ತು. ನೀರಿನಲ್ಲಿ ಕರಗಿರುವ, ವಿದ್ಯುದಾವೇಶ ಹೊತ್ತ ಕಣಗಳಾದ ಅಯಾನುಗಳಲ್ಲಿ ಧನ ಆವೇಶದ ಮೊತ್ತವೂ ಋಣ ಆವೇಶದ ಮೊತ್ತವೂ ಸರಿಸಮ ಆಗಬೇಕು; ಐದು ಪ್ರತಿಶತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ತಪ್ಪಿದೆ ಎಂದರ್ಥ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಜಮಾ ಖರ್ಚು ತಾಳೆ ನೋಡುವಂತೆ ಇದನ್ನು ಮೊದಲು ನೋಡಿ, ಆಮೇಲೆ ಫಲಿತಾಂಶ ಹೊರಬಿಡಬೇಕಿತ್ತು. ನಾವು ಊರಿಗೆ ಹೋಗಿ, ಪಂಚಾಯಿತಿಯ ಪಡಸಾಲೆಯಲ್ಲಿ, ತಪ್ಪು ನಮ್ಮದು ಎಂದು ಹೇಳಿ ಮತ್ತೆ ನೀರು ಹಿಡಿದೆವು. ಅರ್ಧ ಊರು ನಂಬಿತು. ಉಳಿದರ್ಧ, ನಾವು ಖಣಿಯವರ ಜೊತೆ ಒಳಗೊಳಗೇ ರಾಜಿಯಾದೆವೆಂದು ತಿಳಿಯಿತು. ಆ ಸಂಶಯ ಕೊನೆಯವರೆಗೂ ಪೂರ್ತಿ ಹೋಗಲಿಲ್ಲ.

ಎರಡನೆಯ ಸಲದ ನೀರಿನಲ್ಲಿ ಲೆಕ್ಕ ತಾಳೆಯಾಯಿತು. ಗಡಸುತನ ಬಹುತೇಕ ಎಲ್ಲ ಬಾವಿಗಳಲ್ಲಿಯೂ 200 ಮಿಲಿಗ್ರಾಮಿನ ಅಪೇಕ್ಷಿತ ಮಿತಿ ದಾಟಿತ್ತು, 600ರ ಕೊನೆಯ ಮಿತಿಯೊಳಗಿತ್ತು. ಖಣಿಗೆ ಹತ್ತಿರ ದೂರ ಎಂಬ ಭೇದವಿಲ್ಲ. ಹೋಲಿಕೆಗಾಗಿ ಖಣಿಯ ಸಂಪರ್ಕವೇ ಇಲ್ಲದ, ಗುಡ್ಡದಾಚೆಯ ಊರಿನ ನೀರು ನೋಡಿದೆವು, ಅದೂ ಹಾಗೆಯೇ ಇತ್ತು. ನೈಟ್ರೇಟು ಮಾತ್ರ ಅಲ್ಲೊಂದು ಇಲ್ಲೊಂದು ಬಾವಿಯಲ್ಲಿ ಮಿತಿ ಮೀರಿ, ಪಕ್ಕದ ಬಾವಿಯಲ್ಲಿ ಇಲ್ಲವಾಗಿ, ನಕ್ಷೆಯ ಮೇಲೆ ಎಳ್ಳು ಚೆಲ್ಲಿದಂತೆ ಕಂಡಿತು. ಖಣಿಯ ಅಂಚಿನ ಐದೂ ಬಾವಿಗಳು ಸ್ವಚ್ಛ. ಗಣಿಯಿಂದ ಮಾಲಿನ್ಯವಾದರೆ ಹತ್ತಿರದಲ್ಲಿ ಹೆಚ್ಚು, ದೂರದಲ್ಲಿ ಕಡಿಮೆ ಇರಬೇಕಲ್ಲವೇ? ಇದು ತಲೆಕೆಳಗಾಗಿತ್ತು. ಖಣಿಯ ಅಧಿಕಾರಿ ಸಮಾಧಾನದಿಂದಲೇ ಹೇಳಿದರು, ನೋಡಿ, ಇದು ಯೂರಿಯಾ ಎಂದು. ನಾವೂ ಹಾಗೆಯೇ ಬರೆದು ಕೈತೊಳೆದುಕೊಳ್ಳುವ ಹಂತದಲ್ಲಿದ್ದೆವು.

ಹಳ್ಳದ ಮಾತು

ಕೆಲಸ ತಿರುಗಿದ್ದು ಪ್ರಯೋಗಾಲಯದಲ್ಲಿ ಅಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ, ಕುರಿ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನೀರು ಕೇಳಿ ಕೂತರು. ನಮ್ಮ ಪೆಟ್ಟಿಗೆ, ಬಾಟಲಿಗಳನ್ನು ಸ್ವಲ್ಪ ಹೊತ್ತು ನೋಡಿದರು.

“ನೀವು ಬಾವಿ ಬಾವಿ ತಿರಗ್ತೀರಿ,” ಎಂದರು. “ಹಳ್ಳ ಬ್ಯಾಸಿಗ್ಯಾಗ ಹರಿಯಾಕ ಹತ್ತಿ ಮೂರು ವರ್ಷ ಆತು. ಅದನ್ನ ಒಬ್ಬರೂ ಕೇಳವಲ್ರು.”

ಹಳ್ಳವನ್ನು ನಾವು ದಿನಕ್ಕೆ ನಾಲ್ಕು ಸಲ ದಾಟುತ್ತಿದ್ದೆವು. ಅದರಲ್ಲಿ ನೀರಿರುವುದು ನಮಗೆ ವಿಚಿತ್ರವೆನಿಸಿರಲಿಲ್ಲ, ಏಕೆಂದರೆ ಮೊದಲು ಅದು ಹೇಗಿತ್ತೆಂದು ನಮಗೆ ಗೊತ್ತಿರಲಿಲ್ಲ. ಆ ಮಧ್ಯಾಹ್ನವೇ ಹಳ್ಳದ ಗುಂಟ ಮೇಲಕ್ಕೆ ನಡೆದೆವು. ಖಣಿಯಿಂದ ಬಂದ ಪೈಪು ಅಲ್ಲಿ ನೀರು ಕಕ್ಕುತ್ತಿತ್ತು. ನೀರು ಸುಮಾರು ಒಂದು ಕಿಲೋಮೀಟರ್ ಹರಿದು, ಊರಿನ ನೇರಕ್ಕೆ ಬರುವಾಗ ಸೊರಗಿ, ಸುಣ್ಣದಕಲ್ಲು ತೆರೆದು ಬಿದ್ದ ಒಂದು ಮಡುವಿನಲ್ಲಿ ಮಾಯವಾಗುತ್ತಿತ್ತು. ಮಡುವಿನಿಂದ ಮುನ್ನೂರು ಮೀಟರ್ ಕೆಳಗೆ ಊರಿನ ನಳದ ಬೋರು.

ತಲೆಕೆಳಗಾದ ನಕ್ಷೆ ಈಗ ನೆಟ್ಟಗಾಯಿತು. ಖಣಿಯಲ್ಲಿ ದಿನವೂ ನೀರೆತ್ತುವುದರಿಂದ ಸುತ್ತಲಿನ ಅಂತರ್ಜಲ ಬಟ್ಟಲಿನ ಆಕಾರದಲ್ಲಿ ಕುಸಿದು, ಎಲ್ಲ ಕಡೆಯಿಂದಲೂ ಖಣಿಯೊಳಗೇ ಹರಿಯುತ್ತದೆ. ಅಂಚಿನ ಬಾವಿಗಳಿಗೆ ಖಣಿಯ ನೀರು ಹೋಗುವುದು ಸಾಧ್ಯವೇ ಇಲ್ಲ. ಅವುಗಳ ನೀರೇ ಖಣಿಗೆ ಬರುತ್ತದೆ. ನೆಲದೊಳಗೆ ಹೊರಗೆ ಹೋಗಲಾರದ ಆ ನೀರು ಪಂಪಿನ ಮೇಲೆ ಕೂತು, ಪೈಪಿನಲ್ಲಿ ಹಾದು, ಹಳ್ಳದಲ್ಲಿ ನಡೆದು, ಮಡುವಿನಲ್ಲಿ ಮತ್ತೆ ನೆಲಕ್ಕಿಳಿಯುತ್ತಿತ್ತು. ಖಣಿಯ ಸುತ್ತ ಉಂಗುರದಂತೆ ಬಾವಿಗಳನ್ನು ಆರಿಸುವುದು ಕಾಗದದ ಮೇಲೆ ಎಷ್ಟೇ ಚೆಂದ ಕಂಡರೂ, ನೀರನ್ನು ಎತ್ತಿ ಹಾಕುವ ಗಣಿಯಲ್ಲಿ ಅದು ಮಾಲಿನ್ಯ ಬರಲಾರದ ಜಾಗಗಳ ಆಯ್ಕೆ. ಇದು ಕಲ್ಲಿದ್ದಲಿನ ಗಣಿಗೂ ಅಷ್ಟೇ ಸಲ್ಲುವ ಮಾತು. ನಾವು ಅಳೆಯಬೇಕಾದ ವಸ್ತುಗಳ ಪಟ್ಟಿಯನ್ನು ತಿದ್ದಿದ್ದೆವು, ಬಾವಿಗಳ ಪಟ್ಟಿಯನ್ನು ಮಾತ್ರ ಹಳೆಯ ಉಂಗುರದ ಸುತ್ತಲೇ ಬೆಳೆಸಿದ್ದೆವು.

ಮಡುವಿಗೂ ಬೋರಿಗೂ ನಿಜವಾಗಿ ಸಂಬಂಧ ಇದೆಯೇ ಎಂದು ಖಚಿತ ಮಾಡಿಕೊಳ್ಳಲು ಬಣ್ಣ ಬಿಟ್ಟು ನೋಡುವ ವಿಧಾನವಿದೆ. ಅದು ಬೇಡವೆಂದು ತೀರ್ಮಾನಿಸಿದೆವು. ಬಣ್ಣ ನಿರಪಾಯಕಾರಿಯೇ ಇರಬಹುದು, ಆದರೆ ಆಮ್ಲದ ಕತೆಯ ನಂತರ ನಳದಲ್ಲಿ ಹಸಿರು ನೀರು ಬಂದರೆ ನಾವು ಆ ಊರಿಗೆ ಮತ್ತೆ ಕಾಲಿಡುವಂತಿರಲಿಲ್ಲ. ಅಡಿಗೆಯ ಉಪ್ಪನ್ನೇ ಡ್ರಮ್ಮುಗಳಲ್ಲಿ ಕರಗಿಸಿ, ಎಲ್ಲರೆದುರು ಮಡುವಿಗೆ ಸುರಿದು, ಬೋರಿನ ನೀರಿನ ವಿದ್ಯುತ್ ವಾಹಕತೆಯನ್ನು ತಾಸಿಗೊಮ್ಮೆ ಬರೆದುಕೊಂಡೆವು. ಮರುದಿನ ನಸುಕಿನಲ್ಲಿ ಅಂಕಿ ಏರತೊಡಗಿತು, ಸಂಜೆಗೆ ಇಳಿಯಿತು. ರಾತ್ರಿಯೆಲ್ಲ ಪಂಪ್‌ಹೌಸಿನಲ್ಲಿ ನಮ್ಮೊಡನೆ ಕೂತ ಪಂಚಾಯಿತಿಯ ನೀರಗಂಟಿ ಆ ಏರಿಳಿತವನ್ನು ಸ್ವತಃ ನೋಡಿದ. ಮುಂದೆ ಊರಿನಲ್ಲಿ ನಮ್ಮ ಪರವಾಗಿ ಮಾತಾಡಿದವನು ಅವನೇ.

ಎರಡು ಬಗೆಯ ನೈಟ್ರೇಟು

ದಾರಿ ಸಿಕ್ಕಿತು. ಆದರೆ ದಾರಿಯಲ್ಲಿ ಬಂದದ್ದೇ ನೈಟ್ರೇಟು ಎಂದು ಸಿದ್ಧವಾಗಬೇಕಲ್ಲ. ಖಣಿಯಲ್ಲಿ ಬಳಸುವ ಸ್ಫೋಟಕ ಅಮೋನಿಯಂ ನೈಟ್ರೇಟಿಗೆ ಡೀಸೆಲ್ ಬೆರೆಸಿದ್ದು, 94ಕ್ಕೆ 6ರ ಪ್ರಮಾಣ. ಕಲ್ಲು ಸಿಡಿಸಲು ಕೊರೆದ ರಂಧ್ರ ಒಣಗಿದ್ದರೆ ಅದು ಬಹುತೇಕ ಪೂರ್ತಿ ಉರಿದುಹೋಗುತ್ತದೆ. ರಂಧ್ರದಲ್ಲಿ ನೀರಿದ್ದರೆ ಅಮೋನಿಯಂ ನೈಟ್ರೇಟು ಸಕ್ಕರೆಯಂತೆ ಕರಗಿ, ಸಿಡಿಯದೆ ಉಳಿದು, ಖಣಿಯ ತಳದ ನೀರಿಗೆ ಸೇರುತ್ತದೆ. ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದ ಖಣಿಯಲ್ಲಿ ರಂಧ್ರಗಳು ಒದ್ದೆಯಾಗಿರುವುದು ಸಹಜ.

ಸಾರಜನಕ ಮತ್ತು ಆಮ್ಲಜನಕದ ಐಸೊಟೋಪುಗಳನ್ನು, ಅಂದರೆ ಒಂದೇ ಧಾತುವಿನ ತೂಕ ಬೇರೆಯಾದ ಪರಮಾಣುಗಳನ್ನು, ನೋಡಿದರೆ ಸ್ಫೋಟಕದ ನೈಟ್ರೇಟನ್ನೂ ಯೂರಿಯಾದ ನೈಟ್ರೇಟನ್ನೂ ಬೇರ್ಪಡಿಸಬಹುದು. ಕಾರ್ಖಾನೆಯಲ್ಲಿ ತಯಾರಾದ ನೈಟ್ರೇಟಿನ ಆಮ್ಲಜನಕ ಗಾಳಿಯಿಂದ ಬಂದದ್ದು. ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯಾದಿಂದ ಮಾಡುವ ನೈಟ್ರೇಟಿನಲ್ಲಿ ಹೆಚ್ಚಿನ ಆಮ್ಲಜನಕ ನೀರಿನಿಂದ ಬಂದದ್ದು. ಅಷ್ಟು ಹಣ ನಮ್ಮಲ್ಲಿರಲಿಲ್ಲ. ಅಗ್ಗದ ದಾರಿಯೆಂದರೆ ನೈಟ್ರೇಟಿನ ಜೊತೆಗಾರರನ್ನು ನೋಡುವುದು. ತಿಪ್ಪೆ, ದನದ ಕೊಟ್ಟಿಗೆ, ಶೌಚದ ಗುಂಡಿಗಳಿಂದ ಬರುವ ನೈಟ್ರೇಟು ಕ್ಲೋರೈಡು, ಪೊಟ್ಯಾಸಿಯಂ ಮತ್ತು ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳನ್ನು ಕರೆದುಕೊಂಡು ಬರುತ್ತದೆ. ಕಬ್ಬಿನ ಹೊಲದ್ದೂ ಸಾಮಾನ್ಯವಾಗಿ ಪೊಟ್ಯಾಷ್ ಗೊಬ್ಬರದ ಕ್ಲೋರೈಡನ್ನು ತರುತ್ತದೆ. ಸ್ಫೋಟಕದ ನೈಟ್ರೇಟು ಬರುವುದು ಒಂಟಿಯಾಗಿ, ಹೆಚ್ಚೆಂದರೆ ಸ್ವಲ್ಪ ಅಮೋನಿಯಂ ಮತ್ತು ನೈಟ್ರೈಟು ಜೊತೆಗೆ.

ಹೀಗೆ ವಿಂಗಡಿಸಿದಾಗ ಚೆಲ್ಲಿದ ಎಳ್ಳು ಸಾಲುಗೂಡಿತು. ಹಳ್ಳದ ದಂಡೆಯ ನಾಲ್ಕು ಬಾವಿಗಳಲ್ಲಿ, ಅವುಗಳಲ್ಲಿ ನಳದ ಬೋರೂ ಒಂದು, ನೈಟ್ರೇಟು ಮಿತಿಗಿಂತ ಮೇಲಿದ್ದು ಕ್ಲೋರೈಡು ಕಡಿಮೆಯಿತ್ತು. ಪೈಪಿನ ಬಾಯಲ್ಲಿ ಹಿಡಿದ ನೀರಿನಲ್ಲಿ ಅಮೋನಿಯಂ ಇತ್ತು, ಹಳ್ಳದ ಗುಂಟ ಕೆಳಗೆ ಬಂದಂತೆ ಅದು ಕಡಿಮೆಯಾಗಿ ನೈಟ್ರೇಟು ಹೆಚ್ಚುತ್ತಿತ್ತು. ಊರೊಳಗಿನ ಮೂರು ಬಾವಿಗಳಲ್ಲಿಯೂ ನೈಟ್ರೇಟು ಮಿತಿ ಮೀರಿತ್ತು, ಆದರೆ ಕ್ಲೋರೈಡು, ಪೊಟ್ಯಾಸಿಯಂ, ಕೋಲಿಫಾರ್ಮ್ ಎಲ್ಲವೂ ಜೊತೆಗಿದ್ದವು. ಆ ಬಾವಿಗಳ ಬೆನ್ನಿಗೇ ತಿಪ್ಪೆಗಳಿದ್ದವು. ಹೊಲದ ಎರಡು ಬೋರುಗಳಲ್ಲಿ ಯಾವ ಪಾಲು ಎಷ್ಟೆಂದು ಹೇಳಲಾಗಲಿಲ್ಲ, ಹಾಗೆಂದೇ ಬರೆದೆವು.

ಊರ ಸಭೆ

ಸಭೆ ನಡೆದದ್ದು ಅಮಾವಾಸ್ಯೆಯ ದಿನ, ಅಂದು ಗಳೆ ಹೂಡುವುದಿಲ್ಲವಾದ್ದರಿಂದ ಎಲ್ಲರೂ ಸಿಗುತ್ತಾರೆ. ನಾವು ಹೇಳಬೇಕಾದದ್ದು ಯಾರಿಗೂ ಹಿತವಾದದ್ದಲ್ಲ. ಊರು ದೂರಿದ್ದ ಗಡಸುತನ ಖಣಿಯಿಂದ ಬಂದದ್ದಲ್ಲ, ಕಲ್ಲಿನ ಗುಣ. ಖಣಿಯಿಂದ ಬಂದದ್ದು ನೈಟ್ರೇಟು, ಅದಕ್ಕೆ ಬಣ್ಣ, ವಾಸನೆ, ರುಚಿ ಇಲ್ಲದ್ದರಿಂದ ಅದನ್ನು ಯಾರೂ ದೂರಿರಲಿಲ್ಲ. ಊರೊಳಗಿನ ಬಾವಿಗಳ ನೈಟ್ರೇಟು ಊರಿನದೇ.

ಅಜ್ಜಿ ಎದ್ದು ನಿಂತು, ಹಾಗಾದರೆ ತಮ್ಮ ಹಂಡೆ ಸುಳ್ಳು ಹೇಳಿತೇ ಎಂದು ಕೇಳಿದರು. ಹಂಡೆ ಸುಳ್ಳು ಹೇಳಿಲ್ಲ, ಆದರೆ ಅದು ಹೇಳುತ್ತಿರುವುದು ಖಣಿಗಿಂತ ಹಳೆಯ ಮಾತು ಎಂದೆ. ಇದನ್ನು ಮೊದಲ ದಿನವೇ ಹೇಳಿದ್ದರೆ ಅವರು ಒಪ್ಪುತ್ತಿದ್ದರೋ ಏನೋ. ವರ್ಷ ಕಳೆದು, ಹತ್ತಾರು ಜನರೆದುರು ಹೇಳಿದಾಗ ಅವರಿಗೆ ಅವಮಾನವಾಯಿತು. ಆ ವಿಷಯದಲ್ಲಿ ನನ್ನ ಮೌನ ತಪ್ಪಾಗಿತ್ತು.

ನೈಟ್ರೇಟಿನ ಅಪಾಯ ಹೆಚ್ಚಾಗಿ ಬಾಟಲಿ ಹಾಲು ಕುಡಿಯುವ ಹಸುಗೂಸುಗಳಿಗೆ. ಅದು ರಕ್ತ ಆಮ್ಲಜನಕ ಒಯ್ಯುವುದನ್ನು ತಡೆದು ಮೈ ನೀಲಿಗಟ್ಟಿಸುತ್ತದೆ. ನೀರು ಕಾಯಿಸಿದರೆ ಹೋಗುವುದಿಲ್ಲ, ಆವಿಯಾದಷ್ಟೂ ದಟ್ಟವಾಗುತ್ತದೆ ಎಂದು ಹೇಳಿದಾಗ ತಾಯಂದಿರ ಕಡೆಯಿಂದ ಗುಜುಗುಜು ಎದ್ದಿತು. ಕಾಯಿಸಿ ಆರಿಸಿದ ನೀರನ್ನೇ ಕೂಸಿಗೆ ಕೊಡಬೇಕೆಂದು ನಾವೆಲ್ಲ ವರ್ಷಗಟ್ಟಲೆ ಹೇಳಿಕೊಂಡು ಬಂದವರು.

ಖಣಿಯ ನೀರನ್ನು ಹಳ್ಳಕ್ಕೆ ಬಿಡುವುದು ನಿಲ್ಲಿಸಿ ಎಂದು ಕೆಲವರು ಕೂಗಿದರು. ಆಗ ಹಳ್ಳದ ಕೆಳಗಿನ ಹೊಲದ ರೈತರೊಬ್ಬರು ಮುಂದೆ ಬಂದರು. “ಸಾಹೇಬ್ರ, ಹಳ್ಳ ನಿಂದರಿಸಿದ್ರ ನನ್ನ ಕಬ್ಬು ಒಣಗತೈತಿ. ನಿಮ್ಮ ಕಾಗದದಾಗ ಕಬ್ಬು ಬೆಳಿತೈತೇನು?” ಬೇಸಿಗೆಯ ಆ ನೀರನ್ನು ನಂಬಿ ನಾಲ್ಕು ಮನೆಗಳು ಕಬ್ಬು ಹಚ್ಚಿದ್ದವು. ಊರು ಎರಡಾಗುವುದರಲ್ಲಿತ್ತು.

ಇಲ್ಲಿ ಒಂದು ಲೆಕ್ಕ ಉಪಯೋಗಕ್ಕೆ ಬಂತು. ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟು ಎಂದರೆ ಸುಮಾರು 10 ಮಿಲಿಗ್ರಾಂ ಸಾರಜನಕ. ಎಕರೆಗೆ ಒಂದೊಂದು ಇಂಚಿನಂತೆ ಹತ್ತು ಸಲ ನೀರು ಹಾಯಿಸಿದರೆ ಸುಮಾರು ಹತ್ತು ಲಕ್ಷ ಲೀಟರು. ಅದರಲ್ಲಿ 10 ಕಿಲೋ ಸಾರಜನಕ, ಅಂದರೆ 45 ಕಿಲೋದ ಯೂರಿಯಾ ಚೀಲದ ಅರ್ಧಕ್ಕೆ ಹತ್ತಿರ. ಕೂಸಿಗೆ ಕೊಡಬಾರದ ನೀರು ಕಬ್ಬಿಗೆ ಗೊಬ್ಬರದ ನೀರು. ನೀರನ್ನು ನಿಲ್ಲಿಸುವ ಬದಲು ಮಡುವಿಗೆ ಹೋಗದಂತೆ ತಿರುಗಿಸಿ ಹೊಲಕ್ಕೇ ಒಯ್ಯುವುದು, ಅಷ್ಟು ಯೂರಿಯಾವನ್ನು ಕಡಿಮೆ ಮಾಡುವುದು ಎಂಬಲ್ಲಿಗೆ ಮಾತು ಬಂದು ನಿಂತಿತು.

ನಂತರದ ಒಂದು ವರ್ಷ

ಖಣಿಯವರು ಮೂರು ಕೆಲಸ ಮಾಡಿದರು, ಒಂದನ್ನು ಬೇಗ, ಎರಡನ್ನು ತಡವಾಗಿ. ಒದ್ದೆ ರಂಧ್ರಗಳಲ್ಲಿ ನೀರು ತಾಳಿಕೊಳ್ಳುವ ಎಮಲ್ಷನ್ ಸ್ಫೋಟಕವನ್ನು ಬಳಸತೊಡಗಿದರು. ತುಂಬುವಾಗ ಚೆಲ್ಲಿದ್ದನ್ನು ಬಳಿದು ತೆಗೆಯುವುದು ರೂಢಿಯಾಯಿತು. ಎತ್ತಿದ ನೀರನ್ನು ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿಯಲ್ಲಿ ನಿಲ್ಲಿಸಿದರು. ಒದ್ದೆಯಾದಾಗ ಉಬ್ಬಿ ಬಿರುಕು ಮುಚ್ಚುವ ಎರೆಮಣ್ಣನ್ನು ಅದರ ತಳಕ್ಕೆ ದಪ್ಪವಾಗಿ ಬಡಿಸಲಾಗಿತ್ತು. ಅಲ್ಲಿಂದ ಪೈಪಿನಲ್ಲಿ ಹೊಲಗಳಿಗೆ. ಊರಿನ ನಳಕ್ಕೆ ಗುಡ್ಡದ ಕಡೆ ಬೇರೆ ಬೋರು ಕೊರೆಯಲಾಯಿತು. ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಗಣಿ ಬಾಧಿತ ಊರುಗಳ ಕುಡಿಯುವ ನೀರಿಗೆ ಬಳಸಬಹುದಾದ್ದರಿಂದ ಪಂಚಾಯಿತಿ ಅದಕ್ಕೂ ಅರ್ಜಿ ಹಾಕಿತು.

ಒಂದು ಮಳೆಗಾಲ ಕಳೆದ ಮೇಲೆ ಹಳ್ಳದ ದಂಡೆಯ ನಾಲ್ಕು ಬಾವಿಗಳಲ್ಲಿ ಮೂರರ ನೈಟ್ರೇಟು ಇಳಿಯಿತು, ಅವುಗಳಲ್ಲಿ ಎರಡು ಮಿತಿಯೊಳಗೆ ಬಂದವು. ನಾಲ್ಕನೆಯದು ಇದ್ದಲ್ಲೇ ಇತ್ತು. ಮೊದಲು ಅದನ್ನು ಖಣಿಯ ಲೆಕ್ಕಕ್ಕೆ ಬರೆದಿದ್ದೆವು. ಮತ್ತೆ ಹೋಗಿ ನೋಡಿದಾಗ ಆ ವರ್ಷ ಅದರ ಮೇಲುಗಡೆ ಹೊಸ ಕೊಟ್ಟಿಗೆ ಕಟ್ಟಿದ್ದು ಕಂಡಿತು, ಕ್ಲೋರೈಡು ಏರಿತ್ತು. ಊರೊಳಗಿನ ತಿಪ್ಪೆಗಳು ಒಂದೆರಡು ಸರಿದವು, ಉಳಿದವು ಇದ್ದಲ್ಲೇ ಇವೆ. ಕೊಡಕ್ಕಿಷ್ಟೆಂದು ನಾಣ್ಯ ಹಾಕಿ ಶುದ್ಧ ನೀರು ಹಿಡಿಯುವ ಘಟಕ ಬಂತು. ಅದು ಹೊರಹಾಕುವ ಲವಣದ ನೀರು ಹರಿಯುವುದು ಊರೊಳಗಿನ ಹಳೆಯ ಬಾವಿಯ ಪಕ್ಕದ ಗಟಾರಿಗೆ. ಅದನ್ನು ತಿರುಗಿಸಿರೆಂದು ಎರಡು ಸಲ ಬರೆದಿದ್ದೇವೆ.

ಉಳಿದಿರುವ ದೊಡ್ಡ ಪ್ರಶ್ನೆ ಖಣಿ ಮುಚ್ಚಿದ ದಿನದ್ದು. ಪಂಪು ನಿಂತ ಮೇಲೆ ಬಟ್ಟಲು ತುಂಬಿಕೊಳ್ಳುತ್ತದೆ, ನೀರು ಮತ್ತೆ ತನ್ನ ಹಳೆಯ ಇಳಿಜಾರನ್ನು ಹಿಡಿಯುತ್ತದೆ, ಈಗ ಸ್ವಚ್ಛವಾಗಿರುವ ಅಂಚಿನ ಐದು ಬಾವಿಗಳಲ್ಲಿ ಕೆಳಗಡೆಯ ಮೂರು ಖಣಿಯ ನೀರಿನ ದಾರಿಯಲ್ಲಿ ಬೀಳುತ್ತವೆ. ಆ ಹೊತ್ತಿಗೆ ಸಲಹೆಗಾರರ ಒಪ್ಪಂದ ಮುಗಿದಿರುತ್ತದೆ, ನಮ್ಮ ವಿದ್ಯಾರ್ಥಿಗಳು ಎಲ್ಲೆಲ್ಲೋ ಇರುತ್ತಾರೆ. ಆದ್ದರಿಂದ ನೀರಿನ ಮಟ್ಟ ಅಳೆಯುವ ಟೇಪನ್ನು ಊರಿನಲ್ಲಿಯೇ ಬಿಟ್ಟು ಬಂದಿದ್ದೇವೆ. ನೀರಗಂಟಿ ಅಮಾವಾಸ್ಯೆಗೊಮ್ಮೆ 14 ಬಾವಿಗಳಿಗೂ ಹೋಗಿ ಅಳೆಯುತ್ತಾನೆ. ಅಜ್ಜಿಯ ಮೊಮ್ಮಗಳು ನೂರು ಪುಟದ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದಿಡುತ್ತಾಳೆ. ಅವಳು ನಾವು ಹೇಳದ ಒಂದು ಅಂಕಣವನ್ನು ತಾನೇ ಗೆರೆ ಎಳೆದು ಸೇರಿಸಿಕೊಂಡಿದ್ದಾಳೆ: ಆ ದಿನ ಹಳ್ಳ ಹರಿಯುತ್ತಿತ್ತೋ, ಇಲ್ಲವೋ.